ಕಾದ ಹಂಚಿನ ಮೇಲಿನ ಬೆಕ್ಕು

ನಿಮಗಿದು ಗೊತ್ತೇ? ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬೆಳಗ್ಗೆಯಿಂದ ಅಂಗಳಕ್ಕೂ ನಡುಮನೆಗೂ ಎಡತಾಕುವ ತಾಯಿಗಾಗಿ ಇಂಗ್ಲಿಷಿನಲ್ಲಿ ಒಂದು ಬೆಕ್ಕಿದೆ. 'ಲೈಕ್ ಎ ಕ್ಯಾಟ್ ಆನ್ ಹಾಟ್ ಬ್ರಿಕ್ಸ್' ಎನ್ನುತ್ತಾರೆ. ಕಾದ ಇಟ್ಟಿಗೆಯ ಮೇಲೆ ನಿಂತ ಬೆಕ್ಕಿನ ಹಾಗೆ ಎಂದರ್ಥ. ಒಂದು ಪಾದ ಊರಿದರೆ ಇನ್ನೊಂದನ್ನು ಎತ್ತಬೇಕು, ಅದನ್ನು ಊರಿದರೆ ಇದನ್ನು ಎತ್ತಬೇಕು. ನಿಂತರೂ ಸುಖವಿಲ್ಲ, ಕೂತರೂ ಸುಖವಿಲ್ಲ.

ಈ ಮಾತನ್ನು ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು ಎಂಬುದರಲ್ಲಿ ಸೂಕ್ಷ್ಮವಿದೆ. ಸುಮ್ಮನೆ ಓಡಾಡುವವರಿಗೆಲ್ಲ ಇದು ಹೊಂದುವುದಿಲ್ಲ. ಮನಸ್ಸಿನಲ್ಲಿ ಆತಂಕ ಇರಬೇಕು, ಯಾವುದೋ ಸುದ್ದಿಯನ್ನೋ ಯಾರನ್ನೋ ಕಾಯುತ್ತಿರಬೇಕು. ಆಪರೇಷನ್ ಥಿಯೇಟರಿನ ಹೊರಗಿನ ಓಣಿಯಲ್ಲಿ ಅಳೆದಳೆದು ನಡೆಯುವ ಗಂಡ, ಮಗಳನ್ನು ನೋಡಲು ಬರುವವರ ದಾರಿ ಕಾಯುವ ಅಪ್ಪ, ಕೊನೆಯ ಓವರಿನಲ್ಲಿ ಪೆವಿಲಿಯನ್ ಮೆಟ್ಟಿಲ ಮೇಲೆ ನಿಲ್ಲಲಾರದ ಕೋಚ್, ಇವರಿಗೆ ಈ ಮಾತು ಸಲ್ಲುತ್ತದೆ. 'ಶೀ ವಾಸ್ ಲೈಕ್ ಎ ಕ್ಯಾಟ್ ಆನ್ ಹಾಟ್ ಬ್ರಿಕ್ಸ್ ಆಲ್ ಮಾರ್ನಿಂಗ್' ಎಂದರೆ ಬೆಳಗಿನಿಂದಲೂ ಅವಳ ಜೀವ ಕೈಯಲ್ಲಿರಲಿಲ್ಲ ಎಂದು. ಊರೂರು ಸುತ್ತುವ ಹುಚ್ಚಿನವರಿಗೆ, ತರಗತಿಯಲ್ಲಿ ಬೆಂಚು ಕುಲುಕಿಸುವ ತುಂಟನಿಗೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಮಾತುಗಳಿವೆ. ಅವೂ ಮುಂದೆ ಬರುತ್ತವೆ.

ಇಟ್ಟಿಗೆಯೇ ಏಕೆ? ಹಳೆಯ ಇಂಗ್ಲಿಷ್ ಮನೆಗಳಲ್ಲಿ ಕಾದ ಇಟ್ಟಿಗೆ ಮನೆಬಳಕೆಯ ವಸ್ತು. ಚಳಿಗಾಲದ ರಾತ್ರಿ ಇಟ್ಟಿಗೆಯನ್ನು ಒಲೆಯಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸುತ್ತಿ, ಹಾಸಿಗೆಯ ಕಾಲ್ದೆಸೆಯಲ್ಲಿ ಇಟ್ಟುಕೊಂಡು ಮಲಗುತ್ತಿದ್ದರು.

ಆದರೆ ಈ ಬೆಕ್ಕು ಮೊದಲು ನಿಂತದ್ದು ಇಟ್ಟಿಗೆಯ ಮೇಲಲ್ಲ! 1678ರಲ್ಲಿ ಜಾನ್ ರೇ ಎಂಬ ವಿದ್ವಾಂಸ ಹೊರತಂದ ಇಂಗ್ಲಿಷ್ ಗಾದೆಗಳ ಸಂಗ್ರಹದಲ್ಲಿ ಅದು 'ಹಾಟ್ ಬೇಕ್‌ಸ್ಟೋನ್' ಮೇಲಿದೆ. ಬೇಕ್‌ಸ್ಟೋನ್ ಎಂದರೆ ರೊಟ್ಟಿ ಸುಡುವ ಕಲ್ಲು. ಉತ್ತರ ಇಂಗ್ಲೆಂಡಿನಲ್ಲಿ ಓಟ್ಸ್ ಹಿಟ್ಟಿನ ತೆಳು ರೊಟ್ಟಿಯನ್ನು ಅದರ ಮೇಲೆ ಬೇಯಿಸುತ್ತಿದ್ದರು. ವೇಲ್ಸಿನಲ್ಲಿ ಇಂದಿಗೂ ಒಣದ್ರಾಕ್ಷಿ ಹಾಕಿದ ಸಣ್ಣ ಬಿಲ್ಲೆಗಳನ್ನು ಅದೇ ಬಗೆಯ ಹಂಚಿನಲ್ಲಿ ಸುಡುತ್ತಾರೆ. ವೆಲ್ಷ್ ಭಾಷೆಯಲ್ಲಿ ಅವುಗಳ ಒಂದು ಹೆಸರಿಗೆ 'ಕಲ್ಲಿನ ಮೇಲಿನ ಬಿಲ್ಲೆ' ಎಂದೇ ಅರ್ಥ. ಕಲ್ಲು ಹೋಗಿ ಕಬ್ಬಿಣ ಬಂದ ಮೇಲೂ ಅವರು ಕಲ್ಲೆಂಬ ಹೆಸರನ್ನು ಬಿಡಲಿಲ್ಲ. ತಮಿಳರ ದೋಸೆಕಲ್ಲೂ ಇಂದು ಕಬ್ಬಿಣದ್ದೇ, ಹೆಸರು ಮಾತ್ರ ಕಲ್ಲು. ಎರಡು ಅಡುಗೆಮನೆಗಳ ನಡುವೆ ಸಾವಿರಾರು ಮೈಲಿ ಅಂತರವಿದ್ದರೂ ಹೆಂಗಸರು ಹೆಸರನ್ನು ಕಾಪಾಡಿಕೊಂಡ ರೀತಿ ಒಂದೇ ಆಗಿರುವುದು ನನಗೆ ಬಹಳ ಹಿಡಿಸಿತು.

ಈ ಜಾನ್ ರೇ ಯಾರು? ಗಾದೆ ಹೆಕ್ಕುವುದು ಅವನ ಕಸುಬಾಗಿರಲಿಲ್ಲ. ಅವನು ಸಸ್ಯವಿಜ್ಞಾನಿ. 1627ರಲ್ಲಿ ಎಸೆಕ್ಸ್ ಪ್ರಾಂತ್ಯದ ಬ್ಲ್ಯಾಕ್ ನಾಟ್ಲಿ ಎಂಬ ಹಳ್ಳಿಯಲ್ಲಿ ಕಮ್ಮಾರನ ಮಗನಾಗಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ, ಅಲ್ಲೇ ಪಾಠ ಹೇಳಿದವನು. 1662ರಲ್ಲಿ ಚರ್ಚಿನ ಹೊಸ ಕಾನೂನಿಗೆ ತಕ್ಕಂತೆ ಪ್ರಮಾಣ ಮಾಡಲು ಅವನ ಮನಸ್ಸು ಒಪ್ಪಲಿಲ್ಲ, ಹುದ್ದೆ ಹೋಯಿತು. ಆಮೇಲೆ ಗಿಡಮೂಲಿಕೆ ಹುಡುಕುತ್ತ ಇಂಗ್ಲೆಂಡನ್ನೂ ಯೂರೋಪನ್ನೂ ತಿರುಗಿದ. ಗಿಡದ ಹೆಸರನ್ನು ಹಳ್ಳಿಗರಿಂದ ಕೇಳುವವನ ಕಿವಿಗೆ ಹಳ್ಳಿಯ ಮಾತು ಬೀಳದೆ ಇರುತ್ತದೆಯೇ? ಗಾದೆಗಳಷ್ಟೇ ಅಲ್ಲ, ಪುಸ್ತಕದಲ್ಲಿ ಸಿಗದ ಪ್ರಾಂತೀಯ ಪದಗಳನ್ನೂ ಕೂಡಿಸಿ 1674ರಲ್ಲಿ ಬೇರೊಂದು ಸಂಗ್ರಹ ಮಾಡಿದ. ಗಿಡವನ್ನು ಬೇರುಸಹಿತ ಎತ್ತುವಂತೆ ಮಾತನ್ನೂ ಮಣ್ಣುಸಹಿತ ಎತ್ತಿಟ್ಟ ಮನುಷ್ಯ.

ಇನ್ನೊಂದು ಸಂಗತಿ. ರೇಯ ಗಾದೆಯ ಪುಸ್ತಕ ಬೆಕ್ಕನ್ನು ಹಂಚಿನ ಮೇಲೆ ನಿಲ್ಲಿಸಿದ ಅದೇ 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ 'ಹೋರ್ಟುಸ್ ಮಲಬಾರಿಕುಸ್' ಗ್ರಂಥದ ಮೊದಲ ಸಂಪುಟ ಅಚ್ಚಾಯಿತು. ಪಶ್ಚಿಮ ಕರಾವಳಿಯ ಗಿಡಮರಗಳ 12 ಸಂಪುಟಗಳ ಮಹಾಗ್ರಂಥ ಅದು. ಅದಕ್ಕೆ ವಿವರ ಒದಗಿಸಿದವರಲ್ಲಿ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರೂ ರಂಗಭಟ್, ವಿನಾಯಕ ಪಂಡಿತ್, ಅಪ್ಪುಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ಇದ್ದರು. ರೇ ತನ್ನ ದೊಡ್ಡ ಸಸ್ಯಗ್ರಂಥವನ್ನು ಬರೆಯುವಾಗ ಈ ಸಂಪುಟಗಳನ್ನು ಬಳಸಿಕೊಂಡ. ನಮ್ಮ ಕರಾವಳಿಯ ವೈದ್ಯರ ತಿಳಿವಳಿಕೆ ಹೀಗೆ ಬೆಕ್ಕಿನ ಗಾದೆ ಬರೆದಿಟ್ಟವನ ಮೇಜಿನ ಮೇಲೆ ಹೋಗಿ ಕೂತಿತು.

ಬೆಕ್ಕು ಸಾಗರ ದಾಟಿ ಅಮೆರಿಕಕ್ಕೆ ಹೋದಾಗ ಏನಾಯಿತು? ಮಾಡು ಹತ್ತಿತು! ಅಮೆರಿಕನ್ನರ ನಾಲಿಗೆಯಲ್ಲಿ ಅದು 'ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್', ಕಾದ ತಗಡಿನ ಮಾಡಿನ ಮೇಲಿನ ಬೆಕ್ಕು. ಇದೇ ಹೆಸರಿನ ಟೆನೆಸಿ ವಿಲಿಯಮ್ಸ್ ನಾಟಕ 1955ರ ಮಾರ್ಚ್ 24ರಂದು ಬ್ರಾಡ್‌ವೇ ರಂಗಭೂಮಿಗೆ ಬಂತು, ಆ ವರ್ಷದ ಪುಲಿಟ್ಜರ್ ಬಹುಮಾನವನ್ನೂ ಪಡೆಯಿತು. 1958ರಲ್ಲಿ ಎಲಿಜಬೆತ್ ಟೇಲರ್, ಪಾಲ್ ನ್ಯೂಮನ್ ನಟಿಸಿದ ಸಿನಿಮಾ ಬಂದ ಮೇಲಂತೂ ಈ ನುಡಿಗಟ್ಟು ಜಗತ್ತಿನ ಬಾಯಿಗೆ ಬಿತ್ತು. ನಾಟಕದ ಬೆಕ್ಕು ಮ್ಯಾಗಿ ಎಂಬ ಹೆಂಡತಿ. ಮಿಸಿಸಿಪಿ ನದಿಬಯಲಿನ ಹತ್ತಿತೋಟದ ದೊಡ್ಡ ಮನೆ, ಸಾಯುತ್ತಿರುವ ಯಜಮಾನ, ಆಸ್ತಿಯ ಮೇಲೆ ಎಲ್ಲರ ಕಣ್ಣು, ತನ್ನತ್ತ ತಿರುಗಿಯೂ ನೋಡದ ಗಂಡ. ಇಷ್ಟರ ನಡುವೆ ಅವಳು ಮಾಡಿನಿಂದ ಜಿಗಿದು ಓಡಬಹುದಿತ್ತು, ಓಡಲಿಲ್ಲ. ಸುಡುತ್ತಿದ್ದರೂ ನಿಂತಳು. ಗಾದೆಯ ಬೆಕ್ಕು ಹೆದರಿ ಕುಣಿಯುವ ಬೆಕ್ಕು. ವಿಲಿಯಮ್ಸ್ ಅದಕ್ಕೆ ಹಟ ಕೊಟ್ಟ. ಹಳೆಯ ಮಾತೊಂದಕ್ಕೆ ದೊಡ್ಡ ಲೇಖಕ ಹೊಸ ಜೀವ ಕೊಡುವುದು ಹೀಗೆ.

ಮ್ಯಾಗಿಯ ಗಂಡನ ಹೆಸರು ಗಮನಿಸಿದ್ದೀರಾ? ಬ್ರಿಕ್. ಇಟ್ಟಿಗೆ!

ಅಂದಹಾಗೆ 'ಟಿನ್ ರೂಫ್' ಎನ್ನುವ ತಗಡು ಸಾಮಾನ್ಯವಾಗಿ ಟಿನ್, ಅಂದರೆ ತವರ, ಆಗಿರುವುದಿಲ್ಲ. ಅದು ಸತುವಿನ ಲೇಪವಿರುವ ಕಬ್ಬಿಣ. ಅಲೆಅಲೆಯಾದ ಕಬ್ಬಿಣದ ತಗಡಿಗೆ 1829ರಲ್ಲಿ ಲಂಡನ್ನಿನ ಹೆನ್ರಿ ರಾಬಿನ್ಸನ್ ಪಾಮರ್ ಪೇಟೆಂಟ್ ಪಡೆದ. ಸತು ಲೇಪಿಸುವ ವಿಧಾನಕ್ಕೆ 1837ರಲ್ಲಿ ಫ್ರಾನ್ಸಿನ ಸೊರೆಲ್ ಪೇಟೆಂಟ್ ಪಡೆದ. ನಾವೂ ಅದನ್ನು ಜಿಂಕ್ ಶೀಟು ಎನ್ನುತ್ತೇವೆ. ಆ ಮಟ್ಟಿಗೆ ನಮ್ಮ ಮಾತೇ ಹೆಚ್ಚು ಸರಿ.

ಈಗ ಕನ್ನಡಕ್ಕೆ ಬರೋಣ. ಇಂಗ್ಲೆಂಡಿನ ಬೆಕ್ಕು ರೊಟ್ಟಿಕಲ್ಲಿನ ಮೇಲಿತ್ತು, ಅಮೆರಿಕದ ಬೆಕ್ಕು ಮನೆಯ ಮಾಡಿನ ಮೇಲೆ. ಈ ಎರಡಕ್ಕೂ ಸಲ್ಲುವ ಒಂದೇ ಪದ ನಮ್ಮಲ್ಲಿದೆ: ಹಂಚು. ಜೋಳದ ರೊಟ್ಟಿ ಬೇಯುವುದು ಹಂಚಿನ ಮೇಲೆ, ಮಳೆ ತಡೆಯುವುದೂ ಹಂಚೇ. ಕೆಲವೆಡೆ ಹೆಂಚು ಎನ್ನುತ್ತಾರೆ. ದೋಸೆ ಹೆಂಚೂ ಹೆಂಚೇ, ಹೆಂಚಿನ ಮನೆಯೂ ಹೆಂಚೇ. ಮಣ್ಣನ್ನು ಸುಟ್ಟು ಮಾಡಿದ ಚಪ್ಪಟೆ ವಸ್ತು ಒಲೆಯ ಮೇಲೂ ಕೂರುತ್ತದೆ, ಗೋಡೆಯ ಮೇಲೂ ಕೂರುತ್ತದೆ. 'ಕಾದ ಹಂಚಿನ ಮೇಲಿನ ಬೆಕ್ಕು' ಎಂದುಬಿಟ್ಟರೆ 1678ರ ರೇ ಮತ್ತು 1955ರ ವಿಲಿಯಮ್ಸ್ ಇಬ್ಬರೂ ಒಂದೇ ಮಾತಿನಲ್ಲಿ ಸಿಗುತ್ತಾರೆ. ಇಷ್ಟು ಸಲೀಸಾದ ಅನುವಾದ ಬೇರೆ ಭಾಷೆಗೆ ಸಿಗುವುದು ಕಷ್ಟ.

ಮಾಡಿನ ಹಂಚಿನ ಹೆಸರಲ್ಲೇ ಊರೊಂದಿದೆ, ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ. ನೇತ್ರಾವತಿ ದಂಡೆಯ ಜೇಡಿಮಣ್ಣು ಒಂದಕ್ಕೊಂದು ಕಚ್ಚಿ ಕೂರುವ ಕೆಂಪು ಹಂಚಾಗಿ ಕಡಲಾಚೆಗೂ ಹೋಯಿತು. ಅಂಥ ಮಾಡಿನ ಮೇಲೆ ಏಪ್ರಿಲ್ಲಿನ ನಡುಮಧ್ಯಾಹ್ನ ಬೆಕ್ಕು ಹೇಗೆ ನಡೆಯುತ್ತದೆ ಎಂಬುದನ್ನು ಕರಾವಳಿಯವರು ಪುಸ್ತಕ ನೋಡಿ ತಿಳಿಯಬೇಕಿಲ್ಲ.

ಆದರೆ ಕನ್ನಡಕ್ಕೆ ಅನುವಾದದ ಅಗತ್ಯವೇ ಇಲ್ಲ. ಇಲ್ಲಿ ಹಿಂದಿನಿಂದಲೂ ಒಂದು ಬೆಕ್ಕು ಇದೆ. ಅದು ಕಾಲು ಸುಟ್ಟ ಬೆಕ್ಕು. ನಮ್ಮಜ್ಜಿ ನನ್ನನ್ನು ದಿನಕ್ಕೆ ಎರಡು ಸಲವಾದರೂ ಹಾಗೆ ಕರೆಯುತ್ತಿದ್ದರು. 'ಯಾಕೋ ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ತಿರುಗ್ತೀಯ, ಒಂದು ಕಡೆ ಕೂತ್ಕೋ.' ಕೆಲವರು ಬಾಲ ಸುಟ್ಟ ಬೆಕ್ಕು ಎನ್ನುತ್ತಾರೆ. ಬಾಲಕ್ಕಿಂತ ಸ್ವಲ್ಪ ಈಚೆಗಿನ ಜಾಗವನ್ನು ಹೇಳುವವರೂ ಇದ್ದಾರೆ, ಅದನ್ನು ಓದುಗರು ಬಲ್ಲರು.

ಎರಡೂ ಬೆಕ್ಕುಗಳನ್ನು ಪಕ್ಕದಲ್ಲಿಟ್ಟು ನೋಡಿ. ಇಂಗ್ಲಿಷಿನ ಬೆಕ್ಕಿಗೆ ಬಿಸಿ ಈಗ ತಾಗುತ್ತಿದೆ, ಇಟ್ಟಿಗೆಯಿಂದ ಕೆಳಗಿಳಿದರೆ ಅದರ ಸಂಕಟ ಮುಗಿಯಿತು. ನಮ್ಮ ಬೆಕ್ಕಿನ ಕಾಲು ಆಗಲೇ ಸುಟ್ಟಿದೆ. ಉರಿ ಅದರೊಳಗೇ ಇದೆ, ಅದು ಎಲ್ಲಿ ಹೋದರೂ ಜೊತೆಗೆ ಬರುತ್ತದೆ. ಅದಕ್ಕೇ ನಮ್ಮ ಬೆಕ್ಕು ನಿಂತಲ್ಲಿ ಕುಣಿಯುವುದಿಲ್ಲ, ಮನೆಯೆಲ್ಲ ಸುತ್ತುತ್ತದೆ. ನಿಜವಾದ ಆತಂಕ ಅನುಭವಿಸಿದವರಿಗೆ ಕನ್ನಡದ ಚಿತ್ರವೇ ಹೆಚ್ಚು ದಿಟ ಅನಿಸೀತು. ಜಾಗ ಬದಲಿಸಿದ ಮಾತ್ರಕ್ಕೆ ಎದೆಯ ಡವಡವ ಇಳಿಯುವುದಿಲ್ಲವಲ್ಲ.

ನೆರೆಯವರ ಬೆಕ್ಕುಗಳ ಕಾಲೂ ಸುಟ್ಟಿವೆ! ತೆಲುಗಿನಲ್ಲಿ 'ಕಾಲು ಕಾಲಿನ ಪಿಲ್ಲಿ'. ಕನ್ನಡದ ಕಿವಿಗೆ ಒಂದೇ ಪದ ಎರಡು ಸಲ ಕೇಳಿದಂತಾಗುತ್ತದೆ. ಮೊದಲನೆಯದು ನಮ್ಮ ಕಾಲೇ, ಎರಡನೆಯದು ಸುಡು ಎಂಬರ್ಥದ ಕ್ರಿಯಾಪದ. ಹಿಂದಿಯಲ್ಲಿ 'ಜಲೇ ಪೈರ್ ಕೀ ಬಿಲ್ಲಿ'. ತಮಿಳರು ಬೆಕ್ಕನ್ನು ಬಿಟ್ಟು ಬಿಸಿನೀರು ಹಿಡಿದರು. ಒಂದು ಗಳಿಗೆ ನಿಲ್ಲದೆ ಅವಸರ ಮಾಡುವವನು ಕಾಲ ಮೇಲೆ ಬಿಸಿನೀರು ಸುರಿದುಕೊಂಡವನಂತೆ ಎಂದು ಅವರು ಹೇಳುತ್ತಾರೆ.

ಜರ್ಮನರು, ಫ್ರೆಂಚರು, ಸ್ಪೇನಿನವರು ಕಾತರದಿಂದ ಕಾಯುವವನನ್ನು ನಿಗಿನಿಗಿ ಕೆಂಡದ ಮೇಲೆ ಕೂರಿಸುತ್ತಾರೆ. ಜರ್ಮನರಲ್ಲೂ ಒಂದು ಬೆಕ್ಕಿದೆ. ಅದು ಬಿಸಿ ಗಂಜಿಯ ಸುತ್ತ ಸುತ್ತುತ್ತದೆ, ಬಾಯಿ ಹಾಕುವುದಿಲ್ಲ. ವಿಷಯಕ್ಕೆ ನೇರ ಬಾರದೆ ಸುತ್ತಿ ಬಳಸಿ ಮಾತಾಡುವವನಿಗೆ ಆ ಬೆಕ್ಕಿನ ಹೋಲಿಕೆ. ಬೆಕ್ಕೂ ಬಿಸಿಯೂ ಇದ್ದ ಮಾತ್ರಕ್ಕೆ ಅರ್ಥ ಒಂದೇ ಅಂದುಕೊಳ್ಳಬೇಡಿ.

ಬೆಕ್ಕಿಗೆ ನಿಜವಾಗಿ ಬಿಸಿ ಅಷ್ಟು ಬೇಗ ತಾಗುತ್ತದೆಯೇ? ಇಲ್ಲಿ ಅಚ್ಚರಿಯಿದೆ. ಮನುಷ್ಯನ ಚರ್ಮಕ್ಕೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ನೋವು ಶುರುವಾದರೆ, ಬೆಕ್ಕು ಸುಮಾರು 50 ಡಿಗ್ರಿ ದಾಟುವವರೆಗೂ ಅಷ್ಟಾಗಿ ಕಸಿವಿಸಿ ತೋರಿಸುವುದಿಲ್ಲ ಎಂದು ಪ್ರಯೋಗಗಳು ಹೇಳುತ್ತವೆ. ಬೆಕ್ಕಿನ ಮೂಗಿನ ತುದಿಯ ಲೆಕ್ಕ ಬೇರೆ. ಅದು ಬಿಸಿತಂಪಿನ ತೀರಾ ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ. ಬೆಕ್ಕು ಒಲೆಯ ಪಕ್ಕ, ಬೇಸಗೆಯ ಬಿಸಿಲಿನ ಕಟ್ಟೆ, ಈಗತಾನೆ ನಿಂತ ಕಾರಿನ ಬಾನೆಟ್ಟು ಹುಡುಕಿಕೊಂಡು ಹೋಗಿ ಮಲಗುವುದರ ಗುಟ್ಟು ಬಿಸಿಯನ್ನು ತಾಳುವ ಈ ಮೈಯೇ. ಅಂಥ ಪ್ರಾಣಿಯೇ ಕಾಲೆತ್ತಿ ಕುಣಿಯುತ್ತಿದೆ ಎಂದರೆ ಕೆಳಗಿನ ಕಲ್ಲು ಎಷ್ಟು ಕಾದಿರಬೇಕು ಲೆಕ್ಕ ಹಾಕಿ. ಗಾದೆ ಕಟ್ಟಿದವರು ಬಿಸಿಗೆ ಹೆದರುವ ಪ್ರಾಣಿಯನ್ನು ಆರಿಸಲಿಲ್ಲ, ಬಿಸಿಯನ್ನು ಪ್ರೀತಿಸುವ ಪ್ರಾಣಿಯನ್ನೇ ಆರಿಸಿದರು.

ನಮ್ಮ ಬೆಕ್ಕಿನ ಕಾಲು ಸುಟ್ಟದ್ದು ಎಲ್ಲಿ? ನನ್ನ ಊಹೆ ಸೌದೆ ಒಲೆಯ ಕಡೆಗೆ ಹೋಗುತ್ತದೆ. ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯ ಬೂದಿ ಗಂಟೆಗಟ್ಟಲೆ ಬೆಚ್ಚಗಿರುತ್ತದೆ, ಬೆಕ್ಕು ಅದರಲ್ಲೇ ಮುದುರಿ ಮಲಗುತ್ತದೆ. ಬೂದಿ ಮೇಲೆ, ಕೆಂಡ ಕೆಳಗೆ. ಹೊರಳುವಾಗ ಒಂದು ಪಾದ ಆಳಕ್ಕಿಳಿದರೆ ಸಾಕು. ಅದೇ ಒಲೆ, ಅದೇ ಬೆಕ್ಕು ಇನ್ನೊಂದು ನೋವನ್ನೂ ಹೇಳುತ್ತವೆ. ಒಂದು ಮನೆಯ ಒಲೆಯಲ್ಲಿ ಹಗಲಲ್ಲೂ ಬೆಕ್ಕು ಮಲಗಿದೆ ಎಂದರೆ ಆ ಮನೆಯಲ್ಲಿ ಒಲೆ ಹೊತ್ತಿಲ್ಲ. ಬಡತನವನ್ನು ಇದಕ್ಕಿಂತ ಮೆಲ್ಲಗೆ, ಇದಕ್ಕಿಂತ ಚುಚ್ಚುವಂತೆ ಹೇಳುವುದು ಸಾಧ್ಯವೇ?

ಬೆಕ್ಕಿನ ಪಾದದ ಬಗ್ಗೆ ಇನ್ನೊಂದು ಮಾತು. ಬೆಕ್ಕು ಬೆವರುವುದು ಮುಖ್ಯವಾಗಿ ಅಂಗಾಲಿನ ಮೆತ್ತೆಗಳಲ್ಲಿ. ಹೆದರಿದಾಗಲೂ ಅಲ್ಲಿ ಬೆವರುತ್ತದೆ. ಪಶುವೈದ್ಯರ ಸ್ಟೀಲ್ ಮೇಜಿನ ಮೇಲೆ ಬೆದರಿದ ಬೆಕ್ಕು ನಡೆದರೆ ಒದ್ದೆ ಹೆಜ್ಜೆ ಮೂಡುವುದುಂಟು.

ಇನ್ನು ಇರುವೆ. 'ಆಂಟ್ಸ್ ಇನ್ ಯುವರ್ ಪ್ಯಾಂಟ್ಸ್', ನಿನ್ನ ಪ್ಯಾಂಟಿನೊಳಗೆ ಇರುವೆ ಹೊಕ್ಕಿದೆಯೇ? ಆತಂಕ ಬೇಕೆಂದಿಲ್ಲ, ಉತ್ಸಾಹ ಹೆಚ್ಚಾಗಿ ಕೂರಲಾಗದವನಿಗೂ ಇದು ಸಲ್ಲುತ್ತದೆ. ಮಕ್ಕಳಿಗಂತೂ ಹೇಳಿ ಮಾಡಿಸಿದ ಮಾತು. ಸಲುಗೆಯದು, ಆದ್ದರಿಂದ ಕಚೇರಿಯ ಪತ್ರದಲ್ಲಿ ಬರೆಯಬೇಡಿ. ಅಮೆರಿಕದಲ್ಲಿ ಇದನ್ನು ಮೊಟಕು ಮಾಡಿ 'ಆಂಟ್ಸಿ' ಎಂಬ ಗುಣವಾಚಕವನ್ನೇ ಬಳಸುತ್ತಾರೆ. 1934ರಲ್ಲಿ ಜಾಝ್ ಡ್ರಮ್ ವಾದಕ ಚಿಕ್ ವೆಬ್ ತಂಡ ಈ ಇರುವೆಗಳ ಮೇಲೊಂದು ಹಾಡನ್ನು ರೆಕಾರ್ಡ್ ಮಾಡಿತು. ಹಾರ್ಲೆಮ್‌ನ ನೃತ್ಯಶಾಲೆಗಳನ್ನು ಕುಣಿಸಿದ ಕೈಗಳು ಅವು. 1970ರ ದಶಕದ ಆರಂಭದಲ್ಲಿ ಗಾಯಕ ಜೇಮ್ಸ್ ಬ್ರೌನ್ ಅವೇ ಇರುವೆಗಳನ್ನು ಇನ್ನೊಮ್ಮೆ ಕುಣಿಸಿದ.

ಲಂಡನ್ನಿಗೆ ಹೋಗುವ ಕನ್ನಡಿಗರಿಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ 'ಪ್ಯಾಂಟ್ಸ್' ಎಂದರೆ ನಾವು ತಿಳಿದ ಪ್ಯಾಂಟೇ. ಬ್ರಿಟನ್ನಿನಲ್ಲಿ ಅದು ಒಳಚಡ್ಡಿ! ಪದದ ಮೂಲ ಪ್ಯಾಂಟಲೋನೆ, ಹಳೆಯ ಇಟಾಲಿಯನ್ ಪ್ರಹಸನಗಳಲ್ಲಿ ಬರುವ ವೆನಿಸ್‌ನ ಜಿಪುಣ ಮುದುಕ. ಅವನ ಉಡುಪಿನಿಂದ ಪ್ಯಾಂಟಲೂನ್, ಅದರಿಂದ ಪ್ಯಾಂಟ್.

ಅದಕ್ಕಿಂತ ದೊಡ್ಡ ಎಚ್ಚರಿಕೆ ಅನುವಾದಕರಿಗೆ. ಕನ್ನಡದಲ್ಲೂ ಇರುವೆ ಇದೆ, ಆದರೆ ಅದರ ಅರ್ಥ ಬೇರೆ. 'ಎಲ್ಲೋ ಹೋಗೋ ಇರುವೆನ ಮೈಮೇಲೆ ಬಿಟ್ಕೊಂಡ' ಎಂದರೆ ಬೇಡದ ತಾಪತ್ರಯವನ್ನು ಕೈಯಾರೆ ತಂದುಕೊಂಡ ಎಂದು. ಇಂಗ್ಲಿಷಿನ ಇರುವೆ ತಾನಾಗಿ ಹೊಕ್ಕಿತು, ನಮ್ಮದನ್ನು ನಾವೇ ಬಿಟ್ಟುಕೊಂಡೆವು. ಪದಕ್ಕೆ ಪದ ಇಟ್ಟರೆ ಚಡಪಡಿಸುವ ಮಗುವೇ ತಪ್ಪು ಮಾಡಿದಂತಾಗಿಬಿಡುತ್ತದೆ. ಆ ಮಗುವಿಗೆ ನಮ್ಮಲ್ಲಿ ಕೋತಿ ಇದೆ. ಮೊದಲೇ ಕೋತಿ, ಮೇಲೆ ಹೆಂಡ ಕುಡಿದಿದೆ, ಅದರ ಮೇಲೆ ಚೇಳೂ ಕುಟುಕಿದೆ. ಇಂಗ್ಲಿಷ್ ಒಂದು ಕಾರಣ ಹೇಳಿದರೆ ನಾವು ಮೂರು ಹೇಳುತ್ತೇವೆ.

ಇದೇ ಚಡಪಡಿಕೆಗೆ ಜರ್ಮನರು ಇರುವೆಯ ಬದಲು ದುಂಬಿಯನ್ನು ಹೊಗಿಸುತ್ತಾರೆ, ಅದೂ ಕುಂಡೆಯೊಳಗೆ. ರಷ್ಯನ್ನರು ಅಲ್ಲೇ ಚಮ್ಮಾರನ ದಬ್ಬಳ ಇಡುತ್ತಾರೆ. ಹಂಗೇರಿಯಲ್ಲಿ ಅಂಥ ಮಗುವನ್ನು ಚೀಸ್‌ನಲ್ಲಿ ಮಿಲಮಿಲ ಎನ್ನುವ ಹುಳು ಎಂದು ಕರೆಯುತ್ತಾರೆ. ಫ್ರೆಂಚರ ಕಾಲಲ್ಲಿ ಇರುವೆ ಹರಿದರೆ ಒಂದೋ ಜೋಮು ಹಿಡಿದಿದೆ, ಇಲ್ಲವೇ ಎದ್ದು ಹೊರಡುವ ಮನಸ್ಸಾಗಿದೆ. ವೈದ್ಯರಿಗೂ ಈ ಇರುವೆ ಗೊತ್ತು. ಇಲ್ಲದ ಹುಳು ಚರ್ಮದ ಮೇಲೆ ಹರಿದಂತಾಗುವುದಕ್ಕೆ ಅವರು 'ಫಾರ್ಮಿಕೇಶನ್' ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ 'ಫಾರ್ಮಿಕಾ' ಎಂದರೆ ಇರುವೆ.

ಆ ಫಾರ್ಮಿಕಾದಿಂದಲೇ ಫಾರ್ಮಿಕ್ ಆಸಿಡ್. ಇರುವೆಯೊಳಗೆ ಇಂಥ ಹುಳಿರಸ ಇದೆ ಎಂದು 1671ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಗೆ ವರದಿ ಕಳಿಸಿದವನು ಯಾರು ಗೊತ್ತೇ? ಜಾನ್ ರೇ! ರೊಟ್ಟಿಕಲ್ಲಿನ ಮೇಲಿನ ಬೆಕ್ಕನ್ನು ಬರೆದಿಟ್ಟ ಅದೇ ಮನುಷ್ಯ. ಚಡಪಡಿಕೆಯ ಎರಡು ದೊಡ್ಡ ಪ್ರಾಣಿಗಳನ್ನೂ ಒಬ್ಬನೇ ಮುಟ್ಟಿದ್ದಾನೆ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇರುವೆಯ ಆ ಹುಳಿರಸದ ರುಚಿ ನೋಡಬೇಕಾದರೆ ಮಲೆನಾಡಿಗೆ ಬನ್ನಿ. ಮರದ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆಯಿಂದ ಮಾಡುವ ಚಗಳಿ ಚಟ್ನಿಯ ಹುಳಿ ಈ ಆಸಿಡ್ಡಿನದೇ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಇಂಥದೇ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಸುಳ್ಯ, ಪುತ್ತೂರು, ಬೆಳ್ತಂಗಡಿಯ ರಬ್ಬರ್ ಬೆಳೆಗಾರರು ತಟ್ಟೆಯಲ್ಲಿನ ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಲು ಬಳಸುವುದೂ ಇದೇ ಆಸಿಡ್ಡು, ಕಾರ್ಖಾನೆಯಲ್ಲಿ ತಯಾರಾದದ್ದು.

'ಇಚ್ಚಿ ಫೀಟ್', ಅಂದರೆ ತುರಿಸುವ ಪಾದ. ಇದರಲ್ಲಿ ಸಂಕಟವಿಲ್ಲ, ಬರೀ ಆಸೆ. ಒಂದು ಊರಿನಲ್ಲಿ, ಒಂದು ಕೆಲಸದಲ್ಲಿ ಹೆಚ್ಚು ದಿನ ನಿಲ್ಲಲಾರದವನಿಗೆ ಹೇಳುತ್ತಾರೆ. ನಮ್ಮಲ್ಲಿ ಅಂಗೈ ತುರಿಸಿದರೆ ಹಣ, ಅಂಗಾಲು ತುರಿಸಿದರೆ ಪ್ರಯಾಣ ಎಂಬ ನಂಬಿಕೆ ಇದೆಯಲ್ಲ, ಈ ಒಂದು ಕಡೆ ಎರಡು ಭಾಷೆಗಳ ಪಾದಗಳೂ ಒಂದೇ ಜಾಗದಲ್ಲಿ ತುರಿಸುತ್ತವೆ. ಅಂಥವನ ಕಾಲಲ್ಲಿ ಚಕ್ರ ಇದೆ ಎಂದು ಕನ್ನಡ ಹೇಳುತ್ತದೆ. ಮರಾಠಿಯವರು ಪಾದಕ್ಕೆ 'ಭಿಂಗರಿ', ಅಂದರೆ ಗಿರಗಿರ ತಿರುಗುವ ಬುಗುರಿ, ಕಟ್ಟುತ್ತಾರೆ.

'ಹೆಡ್‌ಲೆಸ್ ಚಿಕನ್', ತಲೆಯಿಲ್ಲದ ಕೋಳಿ. ಕೆಲಸ ಬೇಕಾದಷ್ಟು, ಗೊತ್ತುಗುರಿ ಇಲ್ಲ. ಮದುವೆಯ ಹಿಂದಿನ ದಿನ ಹತ್ತು ಕಡೆ ಓಡಿ ಒಂದನ್ನೂ ಮುಗಿಸದ ಬಂಧುವಿಗೆ ಇದನ್ನು ಹೇಳಬಹುದು. ಕಥೆಯಲ್ಲ, ಅಂಥ ಹುಂಜವೊಂದು ನಿಜವಾಗಿ ಬದುಕಿತ್ತು. 1945ರ ಸೆಪ್ಟೆಂಬರ್ 10ರಂದು ಅಮೆರಿಕದ ಕೊಲರಾಡೋ ರಾಜ್ಯದ ಫ್ರೂಟಾ ಊರಿನ ರೈತ ಲಾಯ್ಡ್ ಓಲ್ಸನ್ ಕೊಡಲಿ ಬೀಸಿದಾಗ ಏಟು ತುಸು ಮೇಲಕ್ಕೆ ಬಿತ್ತು. ಮಿದುಳಿನ ಕಾಂಡವೂ ಒಂದು ಕಿವಿಯೂ ಉಳಿದವು. ಉಸಿರಾಟ, ಎದೆಬಡಿತ, ನಡಿಗೆಗೆ ಅಷ್ಟು ಸಾಕಾಯಿತು. ತೆರೆದ ಅನ್ನನಾಳಕ್ಕೆ ಡ್ರಾಪರಿನಲ್ಲಿ ಹಾಲು ನೀರು ಬಿಟ್ಟು ಸಾಕಿದರು. ಮೈಕ್ ಎಂದು ಹೆಸರಿಟ್ಟು ಊರೂರು ಪ್ರದರ್ಶನಕ್ಕೂ ಕರೆದೊಯ್ದರು. 18 ತಿಂಗಳು ಬದುಕಿ 1947ರ ಮಾರ್ಚ್‌ನಲ್ಲಿ ಸತ್ತಿತು. ಅದರ ನೆನಪಿಗೆ ಫ್ರೂಟಾದಲ್ಲಿ ಹಬ್ಬ ಮಾಡುತ್ತಾರೆ. ನನಗಂತೂ ಆ ಹಕ್ಕಿಯ ಮೇಲೆ ಕನಿಕರವೇ ಹೆಚ್ಚು.

'ಫ್ರಮ್ ಪಿಲ್ಲರ್ ಟು ಪೋಸ್ಟ್', ಕಂಬದಿಂದ ಗೂಟಕ್ಕೆ. ಇಲ್ಲಿ ಓಡಾಟ ನಮ್ಮ ಇಷ್ಟದ್ದಲ್ಲ, ಇನ್ನೊಬ್ಬರು ಓಡಿಸುವುದು. ಪಹಣಿಯಲ್ಲಿ ಹೆಸರಿನ ಒಂದು ಅಕ್ಷರ ತಿದ್ದಿಸಲು ಮೇಜಿನಿಂದ ಮೇಜಿಗೆ ಅಲೆದವರಿಗೆ ಅರ್ಥ ವಿವರಿಸಬೇಕಿಲ್ಲ. ಹದಿನೈದನೆಯ ಶತಮಾನದಲ್ಲಿ ಇದು ತಿರುಗುಮುರುಗಾಗಿ, ಗೂಟದಿಂದ ಕಂಬಕ್ಕೆ ಎಂದಿತ್ತು.

'ಆನ್ ಟೆಂಟರ್‌ಹುಕ್ಸ್'. ಇದು ಚಲನೆಯೇ ಇಲ್ಲದ ಚಡಪಡಿಕೆ. ಟೆಂಟರ್ ಎಂದರೆ ತೊಳೆದ ಉಣ್ಣೆಬಟ್ಟೆ ಕುಗ್ಗದಂತೆ ಬಿಗಿದು ಒಣಗಿಸುವ ಮರದ ಚೌಕಟ್ಟು. ಅದರ ಮೊಳೆಕೊಕ್ಕೆಗಳೇ ಟೆಂಟರ್‌ಹುಕ್. ಮನಸ್ಸು ಹಾಗೆ ಬಿಗಿದು ನಿಂತಿದೆ. 'ಟೆಂಡರ್ ಹುಕ್ಸ್' ಎಂದು ಬರೆಯುವವರು ಇಂಗ್ಲೆಂಡಿನಲ್ಲೇ ಬೇಕಾದಷ್ಟಿದ್ದಾರೆ. ನೀವು ಬರೆಯಬೇಡಿ.

ರಾತ್ರಿ ಮಲಗಿದಾಗ ಕಾಲನ್ನು ಆಡಿಸದೆ ಇರಲಾಗದು, ಎದ್ದು ನಡೆದರೆ ಮಾತ್ರ ನೆಮ್ಮದಿ ಎನ್ನುವವರು ನಿಮ್ಮ ಮನೆಯಲ್ಲಿದ್ದರೆ ಅದನ್ನು ಗಾದೆ ಹೇಳಿ ತಳ್ಳಿಹಾಕಬೇಡಿ. 1945ರಲ್ಲಿ ಸ್ವೀಡನ್ನಿನ ವೈದ್ಯ ಎಕ್‌ಬೊಮ್ ಅದಕ್ಕೆ 'ರೆಸ್ಟ್‌ಲೆಸ್ ಲೆಗ್ಸ್' ಎಂಬ ಹೆಸರು ಕೊಟ್ಟ. ಎಷ್ಟೋ ಮಂದಿಯಲ್ಲಿ ಅದರ ಹಿಂದೆ ಕಬ್ಬಿಣಾಂಶದ ಕೊರತೆ ಇರುತ್ತದೆ, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಕೂರಲು ಆಗದಿರುವುದೇ ಕಾಯಿಲೆಯಾದಾಗ ಅದು 'ಅಕಥೀಸಿಯಾ'. 1901ರಲ್ಲಿ ಪ್ರಾಗ್‌ನ ವೈದ್ಯ ಹಾಶ್ಕೊವೆಟ್ಸ್ ಗ್ರೀಕ್‌ನಿಂದ ಕಟ್ಟಿದ ಪದ, ಅರ್ಥ ಕೂರದಿರುವುದು ಎಂದೇ. ಇಂದು ಅದು ಹೆಚ್ಚಾಗಿ ಕಾಣುವುದು ಕೆಲವು ಮಾನಸಿಕ ಔಷಧಗಳ ಅಡ್ಡಪರಿಣಾಮವಾಗಿ. ಹಾಗಾದರೆ ಔಷಧ ಕೊಟ್ಟ ವೈದ್ಯರಿಗೆ ಕೂಡಲೇ ಹೇಳಬೇಕು.

ಚಡಪಡಿಸುವವರಿಗೆ ಒಂದು ಒಳ್ಳೆಯ ಸುದ್ದಿಯೂ ಇದೆ. 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು 16 ಮಂದಿಗೆ 8 ವಾರ ದಿನಕ್ಕೆ 1,000 ಕ್ಯಾಲರಿ ಹೆಚ್ಚಿಗೆ ತಿನ್ನಿಸಿದರು. ಒಬ್ಬರಲ್ಲಿ ಅರ್ಧ ಕಿಲೋ ಕೊಬ್ಬೂ ಕೂಡಲಿಲ್ಲ, ಇನ್ನೊಬ್ಬರಲ್ಲಿ 4 ಕಿಲೋ ದಾಟಿತು. ವ್ಯತ್ಯಾಸದ ಗುಟ್ಟು ವ್ಯಾಯಾಮವಲ್ಲ. ಕೂತಲ್ಲಿ ಕೂರದೆ ಏಳುವುದು, ಓಡಾಡುವುದು, ಕೈಕಾಲು ಆಡಿಸುವುದು, ಇಂಥ ಪುಟ್ಟ ಚಲನೆಗಳೇ ಹೆಚ್ಚಿನ ಊಟವನ್ನು ಕರಗಿಸಿದ್ದವು.

ಚಡಪಡಿಕೆಯನ್ನು ಅಳೆದವನೂ ಒಬ್ಬನಿದ್ದಾನೆ. 1885ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ನೀರಸ ಭಾಷಣವೊಂದರಲ್ಲಿ ಸಿಕ್ಕಿಬಿದ್ದ. ಎದುರಿಗೆ ಕಾಣುತ್ತಿದ್ದ ಸುಮಾರು 50 ಮಂದಿ ಎಷ್ಟು ಸಲ ಮಿಸುಕಾಡುತ್ತಾರೆಂದು ಎಣಿಸಿದ. ನಿಮಿಷಕ್ಕೆ 45 ಸಲ, ಅಂದರೆ ತಲೆಗೆ ಹೆಚ್ಚುಕಡಿಮೆ ಒಂದು. ಮಾತು ಸ್ವಾರಸ್ಯ ಹಿಡಿದಾಗ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತರು. ತನ್ನ ಲೆಕ್ಕವನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ. ಅವನು ಗಡಿಯಾರ ನೋಡಲಿಲ್ಲ, ಪದೇ ಪದೇ ನೋಡಿದರೆ ಅಕ್ಕಪಕ್ಕದವರಿಗೆ ಗೊತ್ತಾಗಿಬಿಡುತ್ತದಲ್ಲ. ತನ್ನ ಉಸಿರು ನಿಮಿಷಕ್ಕೆ 15 ಸಲ ಎಂದು ಅವನಿಗೆ ಮೊದಲೇ ತಿಳಿದಿತ್ತು. ಉಸಿರನ್ನು ಎಣಿಸಿಕೊಂಡೇ ನಿಮಿಷ ಅಳೆದ. ಮುಂದಿನ ಸಲ ಸನ್ಮಾನ ಸಮಾರಂಭದಲ್ಲಿ ವಂದನಾರ್ಪಣೆ ಶುರುವಾದಾಗ ಹಿಂದಿನ ಸಾಲಿನಲ್ಲಿ ಕೂತು ನೀವೂ ಎಣಿಸಿ ನೋಡಿ.